ಪಕ್ಕದ ಮನೆಯ ಲ್ಯಾಟಿನೋ ಹೆಂಗಸು ಗಂಡನ ಕೈಲಿ ಹೊಡೆತ ತಿನ್ನುತ್ತಿದ್ದರೆ: ಅಮೆರಿಕದಲ್ಲಿರುವ ಕನ್ನಡಿಗರಿಗೊಂದು ಮಾರ್ಗದರ್ಶಿ

ಅಮೆರಿಕದಲ್ಲಿರುವ ನಮಗೆ ಲ್ಯಾಟಿನೋ ಜನರ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ ಜೊತೆ ದಿನಾ ಒಡನಾಟ ಇದ್ದೇ ಇರುತ್ತದೆ. ಮನೆ ಕ್ಲೀನ್ ಮಾಡಲು ಬರುವವರು, ಮಗು ನೋಡಿಕೊಳ್ಳುವವರು, ಅಪಾರ್ಟ್‌ಮೆಂಟಿನ ಎದುರು ಬಾಗಿಲಿನವರು, ಆಫೀಸಿನಲ್ಲಿ ಪಕ್ಕದ ಸೀಟಿನವರು, ಮಗಳ ಕ್ಲಾಸಿನ ಹುಡುಗಿಯ ಅಮ್ಮ. 2020ರ ಜನಗಣತಿ ಪ್ರಕಾರ ಇಲ್ಲಿ ಸುಮಾರು 6.2 ಕೋಟಿ ಲ್ಯಾಟಿನೋ ಜನ ಇದ್ದಾರೆ, ಹತ್ತಿರ ಹತ್ತಿರ ಐವರಲ್ಲಿ ಒಬ್ಬರು. ಇವರಲ್ಲಿ ಯಾರಾದರೂ ಮನೆಯಲ್ಲಿ ಹಿಂಸೆ ಅನುಭವಿಸುತ್ತಿದ್ದಾರೆ ಅಂತ ನಿಮಗೆ ಗೊತ್ತಾದರೆ ಏನು ಮಾಡುತ್ತೀರಿ?

ನಮ್ಮಲ್ಲಿ ಎರಡು ಥರದವರು ಇದ್ದಾರೆ. "ಅವರ ಮನೆ ವಿಷಯ, ನಮಗ್ಯಾಕೆ" ಅನ್ನುವವರು ಒಂದು ಥರ. ತಕ್ಷಣ ಪೊಲೀಸರಿಗೆ ಫೋನ್ ಮಾಡಿ, ಹೋಗು ಅಂತ ಆಕೆಯನ್ನು ಶೆಲ್ಟರ್‌ಗೆ (ಹಿಂಸೆಯಿಂದ ತಪ್ಪಿಸಿಕೊಂಡವರ ಆಶ್ರಯ ಮನೆಗೆ) ತಳ್ಳುವವರು ಇನ್ನೊಂದು ಥರ. ಎರಡನೆಯವರ ಮನಸ್ಸು ಒಳ್ಳೆಯದೇ, ಆದರೆ ಎಷ್ಟೋ ಸಲ ಅವರಿಂದಲೇ ಆಕೆಯ ಪರಿಸ್ಥಿತಿ ಇನ್ನೂ ಕೆಡುತ್ತದೆ. ಆಕೆಯ ಭಾಷೆ, ಕುಟುಂಬ, ವೀಸಾ ಭಯ, ದೇವರು, ಊರಿಗೆ ಕಳಿಸುವ ದುಡ್ಡು, ಇವೆಲ್ಲ ಲೆಕ್ಕಕ್ಕೆ ಬರದ ಸಹಾಯ ಆಕೆಗೆ ಹೊಂದುವುದಿಲ್ಲ. ಹಾಗಾದರೆ ಹೇಗೆ ಮಾಡಬೇಕು ಅಂತ ಒಂದೊಂದಾಗಿ ನೋಡೋಣ. ಹಿಂಸೆ ಅನುಭವಿಸುವವರಲ್ಲಿ ಗಂಡಸರೂ ಇದ್ದಾರೆ, ಕಾನೂನು ಅವರಿಗೂ ಅನ್ವಯಿಸುತ್ತದೆ. ಓದಲು ಸುಲಭ ಅಂತ ಇಲ್ಲಿ "ಆಕೆ" ಅಂತಲೇ ಬರೆದಿದ್ದೇನೆ.

1. ಆಕೆ ಎಲ್ಲಿಯವಳು ಅಂತ ಊಹೆ ಮಾಡಬೇಡಿ

ಲ್ಯಾಟಿನೋ ಅಂದರೆ ಮೆಕ್ಸಿಕೋದವರು, ಪೇಪರ್ (ಇಲ್ಲಿರಲು ಬೇಕಾದ ಕಾನೂನಿನ ಕಾಗದ) ಇಲ್ಲದವರು, ಸ್ಪ್ಯಾನಿಷ್ ಮಾತಾಡುವವರು ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಮೂರೂ ಸುಳ್ಳಾಗಬಹುದು. ಇಲ್ಲಿನ ಲ್ಯಾಟಿನೋ ಜನರಲ್ಲಿ ಹೆಚ್ಚಿನವರು ಹುಟ್ಟಿದ್ದೇ ಅಮೆರಿಕದಲ್ಲಿ. ಪೋರ್ಟೊ ರಿಕೋದವರು 1917ರಿಂದ ಅಮೆರಿಕದ ನಾಗರಿಕರು. ಅವರ ಮುಂದೆ ವೀಸಾ ವಿಷಯ ಎತ್ತಿದರೆ ಅದು ಅವಮಾನವೇ. ಬ್ರೆಜಿಲ್‌ನವರು ಮಾತಾಡುವುದು ಪೋರ್ಚುಗೀಸ್.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಗ್ವಾಟೆಮಾಲಾದ ಬೆಟ್ಟದ ಹಳ್ಳಿಗಳಿಂದ ಬಂದ ಮಾಯಾ ಹೆಂಗಸರ ಮನೆಮಾತು ಮಾಮ್ ಅಥವಾ ಕಿಚೆ ಇರಬಹುದು. ದಕ್ಷಿಣ ಮೆಕ್ಸಿಕೋದ ಒವಾಹಾಕಾ ಕಡೆಯವರದ್ದು ಮಿಶ್ಟೆಕ್ ಅಥವಾ ಝಾಪೊಟೆಕ್ ಇರಬಹುದು. ಇವರಲ್ಲಿ ಕೆಲವರಿಗೆ ಸ್ಪ್ಯಾನಿಷ್ ಅರ್ಧಂಬರ್ಧ ಮಾತ್ರ ಬರುತ್ತದೆ. ಆದರೂ ಆಫೀಸಿನಲ್ಲಿ ಕೇಳಿದ್ದಕ್ಕೆಲ್ಲ "ಸಿ, ಸಿ" ಅಂತ ತಲೆ ಆಡಿಸಿ ಬರುತ್ತಾರೆ. ಇಂಡಿಯಾದವರು ಅಂದ ಮೇಲೆ ಹಿಂದಿ ಬರಲೇಬೇಕು ಅಂತ ಯಾರಾದರೂ ಅಂದರೆ ನಮಗೆ ಎಷ್ಟು ಉರಿಯುತ್ತದೆ, ಅಲ್ವಾ? ಇದೂ ಅದೇ ಕಥೆ. ಹಾಗಾಗಿ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಮೊದಲೇ ಕೇಳಿ. ಸ್ಪ್ಯಾನಿಷ್‌ನಲ್ಲಾದರೆ "ಕೆ ಇದಿಯೋಮಾ ಆಬ್ಲಾ ಎನ್ ಕಾಸಾ?"

2. ಮಾತು ಶುರು ಮಾಡುವುದು

ಮೊದಲ ಮಾತೇ "ನಿನ್ನ ಗಂಡ ಹೊಡೆಯುತ್ತಾನಾ?" ಅಂತ ಬೇಡ. ಊಟ, ಮಕ್ಕಳು, ಊರಲ್ಲಿರುವ ಅಮ್ಮನ ಆರೋಗ್ಯ, ಹೀಗೆ ನಾಲ್ಕು ಮಾತಾಡಿ ನಂಬಿಕೆ ಬಂದ ಮೇಲಷ್ಟೇ ಒಳಗಿನ ವಿಷಯ ಹೊರಗೆ ಬರುತ್ತದೆ. ಇದನ್ನು ಟೈಮ್ ವೇಸ್ಟ್ ಅಂದುಕೊಳ್ಳಬೇಡಿ. ಅಪರಿಚಿತ ಆಫೀಸರ್ ಒಬ್ಬ ಫಾರ್ಮ್ ಹಿಡಿದು ಕೇಳುವ ಪ್ರಶ್ನೆಗೆ ಸಿಗದ ಉತ್ತರ ಅಡುಗೆಮನೆಯಲ್ಲಿ ಕಾಫಿ ಕುಡಿಯುವಾಗ ಸಿಗುತ್ತದೆ. ಪ್ರೊಮೊತೋರಾಗಳು ಅಂತ ಇರುತ್ತಾರೆ, ಅದೇ ಸಮುದಾಯದ, ತರಬೇತಿ ಪಡೆದ ಹೆಂಗಸರು. ಚರ್ಚು, ಲಾಂಡ್ರಿ, ಬ್ಯೂಟಿ ಪಾರ್ಲರ್, ಎಲ್ಲಿ ಹೆಂಗಸರು ಸೇರುತ್ತಾರೋ ಅಲ್ಲಿಗೇ ಹೋಗಿ ಇವರು ಕೆಲಸ ಮಾಡುತ್ತಾರೆ. ನಿಮ್ಮ ಊರಿನಲ್ಲಿ ಅಂಥವರು ಇದ್ದರೆ ನಿಮಗಿಂತ ಅವರೇ ಮೇಲು. ಅವರ ಪರಿಚಯ ಮಾಡಿಸಿಕೊಟ್ಟರೆ ಅದೇ ದೊಡ್ಡ ಸಹಾಯ.

ಮಾತಾಡುವಾಗ ಆಕೆ ಒಬ್ಬಳೇ ಇರಬೇಕು. ಗಂಡನ ತಂಗಿ ಪಕ್ಕದ ರೂಮಿನಲ್ಲಿದ್ದರೆ ಬೇಡ. ಮೆಸೇಜ್‌ನಲ್ಲಂತೂ ಬೇಡವೇ ಬೇಡ, ಕಾರಣ ಮುಂದೆ ಹೇಳುತ್ತೇನೆ.

ಸ್ಪ್ಯಾನಿಷ್‌ನಲ್ಲೂ ನಮ್ಮ ಹಾಗೆ ಗೌರವದ "ನೀವು" ಇದೆ, ಅದನ್ನೇ ಬಳಸಿ. "ಲೆ ಕ್ರೇಓ" (ನಿಮ್ಮ ಮಾತು ನಂಬುತ್ತೇನೆ), "ನೋ ಎಸ್ ಸು ಕುಲ್ಪಾ" (ನಿಮ್ಮದೇನೂ ತಪ್ಪಿಲ್ಲ), "ನೋ ಎಸ್ತಾ ಸೋಲಾ" (ನೀವು ಒಂಟಿ ಅಲ್ಲ). ಉಚ್ಚಾರ ಸರಿ ಬರದಿದ್ದರೂ ಪರವಾಗಿಲ್ಲ.

ಎರಡು ಪ್ರಶ್ನೆ ಮಾತ್ರ ಕೇಳಬೇಡಿ. ಒಂದು, "ಪೇಪರ್ ಇದೆಯಾ?" ನೀವು ವಕೀಲರಲ್ಲ, ಅದು ಗೊತ್ತಾಗಿ ನಿಮಗೆ ಆಗಬೇಕಾದ್ದೂ ಏನಿಲ್ಲ. ಎರಡು, "ಇಷ್ಟು ದಿನ ಯಾಕೆ ಸುಮ್ನೆ ಇದ್ದೆ?" ಇದನ್ನು ಆಕೆಯ ಅತ್ತೆ, ತಾಯಿ, ಕೆಲವೊಮ್ಮೆ ಪಾದ್ರಿಯೂ ಆಗಲೇ ಕೇಳಿರುತ್ತಾರೆ.

3. ಮಕ್ಕಳ ಕೈಲಿ ಅನುವಾದ ಮಾಡಿಸಬೇಡಿ

ವಲಸೆ ಬಂದವರ ಮನೆಯಲ್ಲಿ ಮಕ್ಕಳೇ ದುಭಾಷಿಗಳು. ಬ್ಯಾಂಕು, ಸ್ಕೂಲು, ಡಾಕ್ಟರು ಎಲ್ಲ ಕಡೆ ಹತ್ತು ವರ್ಷದ ಹುಡುಗಿ ಅಮ್ಮನ ಪರವಾಗಿ ಮಾತಾಡುತ್ತಿರುತ್ತಾಳೆ. ಆದರೆ ಅಪ್ಪ ಅಮ್ಮನ ಕುತ್ತಿಗೆ ಹಿಸುಕಿದ ಅನ್ನುವುದನ್ನು ಅದೇ ಮಗುವಿನ ಬಾಯಲ್ಲಿ ಪೊಲೀಸರಿಗೆ ಹೇಳಿಸುವುದು ಕ್ರೌರ್ಯ. ಅಮ್ಮನೂ ಮಗುವಿನ ಮುಂದೆ ಪೂರ್ತಿ ಹೇಳುವುದಿಲ್ಲ. ಗಂಡನ ಕಡೆಯ ನೆಂಟರೂ ಬೇಡ. ಊರು ಚಿಕ್ಕದಾದರೆ ಅದೇ ಚರ್ಚಿಗೆ ಬರುವ ದುಭಾಷಿಯೂ ಬೇಡ, ಸುದ್ದಿ ಸಂಜೆಯೊಳಗೆ ಮನೆ ಮುಟ್ಟುತ್ತದೆ.

ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಪೊಲೀಸ್ ಇಲಾಖೆ, ಕೋರ್ಟುಗಳ ಮೇಲೆ ಭಾಷೆ ಬಾರದವರಿಗೂ ಸೇವೆ ಮುಟ್ಟಿಸುವ ಹೊಣೆ ಇದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದದ್ದು ಅದು. ಹಾಗಾಗಿ ಕೌಂಟರಿನಲ್ಲಿ "ದುಭಾಷಿ ಬೇಕು, ಮಾಮ್ ಭಾಷೆಯವರು" ಅಂತ ಗಟ್ಟಿಯಾಗಿ ಕೇಳಿ. ಫೋನಿನಲ್ಲಾದರೂ ಕೊಡಿಸುತ್ತಾರೆ. ಆಕೆಗಿಂತ ನಿಮಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಅದರ ನಿಜವಾದ ಉಪಯೋಗ ಇಲ್ಲಿದೆ. ಆಕೆಯ ಪರವಾಗಿ ಕಥೆ ಹೇಳಬೇಡಿ, ದುಭಾಷಿ ಬರುವ ತನಕ ಕೌಂಟರ್ ಬಿಟ್ಟು ಕದಲಬೇಡಿ.

ಜೊತೆಗೆ ಹೆಸರಿನ ವಿಷಯ. ಅವರಲ್ಲಿ ಹೆಚ್ಚಾಗಿ ಎರಡು ಕುಲನಾಮ, ತಂದೆಯದು ಒಂದು, ತಾಯಿಯದು ಒಂದು. ಒಂದು ಫಾರ್ಮಿನಲ್ಲಿ ಮೊದಲನೆಯದು, ಇನ್ನೊಂದರಲ್ಲಿ ಎರಡನೆಯದು ಬಿದ್ದರೆ ಪೊಲೀಸ್ ರಿಪೋರ್ಟ್ ಒಂದು ಹೆಸರಲ್ಲಿ, ಆಸ್ಪತ್ರೆ ದಾಖಲೆ ಇನ್ನೊಂದು ಹೆಸರಲ್ಲಿ ಆಗುತ್ತದೆ. ಇನಿಶಿಯಲ್ ಬಿಡಿಸಿ ಬರೆದು ಒದ್ದಾಡಿದ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಎಲ್ಲ ಕಡೆ ಬರೆಸಿ.

4. ಆಕೆಗೆ ಏನು ಬೇಕು ಅಂತ ಕೇಳಿ, ಉತ್ತರ ಇಷ್ಟವಾಗದಿದ್ದರೂ ಕೇಳಿಸಿಕೊಳ್ಳಿ

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ಆಕೆ "ಅವನು ಹೊಡೆಯುವುದು ನಿಲ್ಲಬೇಕು, ಆದರೆ ಅವನು ಜೈಲಿಗೆ ಹೋಗಬಾರದು" ಅನ್ನಬಹುದು. ನಮಗೆ ತಲೆ ಬಿಸಿಯಾಗುತ್ತದೆ. ಆದರೆ ಆಕೆಯ ಲೆಕ್ಕ ನೋಡಿ. ಗಂಡನಿಗೂ ಪೇಪರ್ ಇಲ್ಲದಿದ್ದರೆ ಒಂದು ಫೋನ್ ಕರೆಯಿಂದ ಅವನು ಗಡೀಪಾರಾಗಬಹುದು. ಗ್ರೀನ್ ಕಾರ್ಡ್ ಇದ್ದರೂ ಕೌಟುಂಬಿಕ ಹಿಂಸೆಯ ಕೇಸಿನಲ್ಲಿ ಶಿಕ್ಷೆಯಾದರೆ, ಇಲ್ಲವೇ ಪ್ರೊಟೆಕ್ಷನ್ ಆರ್ಡರ್ (ಆಕೆಯ ರಕ್ಷಣೆಗೆ ಕೋರ್ಟು ಕೊಟ್ಟ ಆದೇಶ) ಮುರಿದದ್ದು ಕೋರ್ಟಿನಲ್ಲಿ ಸಾಬೀತಾದರೆ, 1996ರ ಕಾನೂನಿನ ಪ್ರಕಾರ ಅದೂ ಗಡೀಪಾರಿಗೆ ಕಾರಣ. ಆಮೇಲೆ ಬಾಡಿಗೆ ಯಾರು ಕಟ್ಟುತ್ತಾರೆ? ಊರಲ್ಲಿ ಅವನು ಆಕೆಯ ತಂದೆತಾಯಿಯ ಮನೆ ಬಾಗಿಲಿಗೇ ಹೋಗಿ ನಿಂತರೆ? ಮಕ್ಕಳು ಮುಂದೆ "ಅಪ್ಪನನ್ನು ಕಳಿಸಿದ್ದು ನೀನೇ" ಅಂದರೆ?

ಕುಟುಂಬ ಅಂದರೆ ಅವರಲ್ಲೂ ಗಂಡ, ಹೆಂಡತಿ, ಎರಡು ಮಕ್ಕಳು ಅಷ್ಟೇ ಅಲ್ಲ. ಅಜ್ಜಿ, ಚಿಕ್ಕಮ್ಮ, ಮಗುವಿನ ಬ್ಯಾಪ್ಟಿಸಮ್‌ಗೆ ನಿಂತ ಕೊಮಾದ್ರೆ, ಎಲ್ಲರೂ ಒಳಗೇ. ಇವರಲ್ಲಿ ಯಾರು ಗಂಡನನ್ನು ಎದುರು ಹಾಕಿಕೊಂಡಾದರೂ ಆಕೆಯ ಪರ ನಿಲ್ಲುತ್ತಾರೆ ಅಂತ ಆಕೆಗೇ ಗೊತ್ತಿರುತ್ತದೆ. ಅಂಥ ಒಬ್ಬರು ಸಿಕ್ಕರೆ ಆಕೆಗೆ ಶೆಲ್ಟರ್‌ಗಿಂತ ಗಟ್ಟಿ ಆಸರೆ ಆಗಬಹುದು. ಕೆಲವು ಮನೆಗಳಲ್ಲಿ ಇದೇ ಕುಟುಂಬ "ಹೆಂಗಸು ಸಹಿಸಿಕೊಳ್ಳಬೇಕು" ಅಂತ ಬಾಯಿ ಮುಚ್ಚಿಸುತ್ತದೆ. ಎರಡೂ ನಿಜ. ಯಾವುದು ಅಂತ ನೀವು ನಿರ್ಧರಿಸಬೇಡಿ, ಆಕೆಯನ್ನು ಕೇಳಿ.

ಇನ್ನೊಂದು ಮಾತು. "ಅವರಲ್ಲಿ ಗಂಡಸರು ಹಾಗೇ, ಮಚೀಸ್ಮೋ (ಗಂಡಸುತನದ ದರ್ಪ), ಅವರ ಸಂಸ್ಕೃತಿಯೇ ಹಾಗೆ" ಅಂತ ಹೇಳುವವರು ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬಿಡಿ. ಹೊಡೆಯುವ ಗಂಡಸರು ನಮ್ಮ ಕನ್ನಡ ಕೂಟದಲ್ಲೂ ಇದ್ದಾರೆ, ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಅವನು ಹೊಡೆಯುವುದು ಸಂಸ್ಕೃತಿಯಿಂದ ಅಂದುಬಿಟ್ಟರೆ, ಆಕೆಗೆ ಬಲ ಕೊಡುವುದೂ ಅದೇ ಸಂಸ್ಕೃತಿ ಅನ್ನುವುದು ಮರೆತುಹೋಗುತ್ತದೆ.

5. ಅಪಾಯ ಎಷ್ಟಿದೆ ನೋಡಿ, ಫೋನ್ ಮೊದಲು ನೋಡಿ

ಕುತ್ತಿಗೆ ಹಿಸುಕಿದ್ದಾನಾ? ಮನೆಯಲ್ಲಿ ಬಂದೂಕು ಇದೆಯಾ? ಕೊಲ್ಲುತ್ತೇನೆ ಅಂದಿದ್ದಾನಾ? ಇವು ಇದ್ದರೆ ಅಪಾಯ ತುಂಬಾ ಹೆಚ್ಚು. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗುರುತು ಕಾಣದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಬಿಟ್ಟು ಹೊರಡುವ ಸಮಯವೇ ಎಲ್ಲಕ್ಕಿಂತ ಅಪಾಯದ್ದು, ಹಾಗಾಗಿ "ನಾಳೆಯೇ ಹೊರಡು" ಅಂತ ಒತ್ತಾಯ ಬೇಡ. ಈ ಕ್ಷಣ ಹೊಡೆತ ಬೀಳುತ್ತಿದೆ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಲೆಕ್ಕಾಚಾರ ಬಿಟ್ಟು 911.

ಫೋನಿನ ವಿಷಯ. ಲ್ಯಾಟಿನೋ ಮನೆಗಳಲ್ಲಿ ನಮ್ಮ ಹಾಗೇ ಎಲ್ಲವೂ ವಾಟ್ಸಾಪ್ ಮೇಲೆ ನಡೆಯುತ್ತದೆ. ಗಂಡ ಅದನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡಿದ್ದರೆ ಪ್ರತಿ ಮೆಸೇಜೂ ಅವನಿಗೆ ಕಾಣುತ್ತದೆ. ವಾಟ್ಸಾಪಿನ ಲಿಂಕ್ಡ್ ಡಿವೈಸಸ್‌ನಲ್ಲಿ ಯಾವ ಯಾವ ಯಂತ್ರ ಇದೆ ಅಂತ ನೋಡಬಹುದು. ಲೊಕೇಶನ್ ಹಂಚಿಕೆ, ಲೈಫ್360 ಥರದ ಆ್ಯಪ್, ಕಾರಿನಲ್ಲಿ ಏರ್‌ಟ್ಯಾಗ್, ಇವನ್ನೂ ನೋಡಿ. ಆದರೆ ಸಿಕ್ಕ ತಕ್ಷಣ ಎಲ್ಲ ಆಫ್ ಮಾಡಬೇಡಿ, ಅವನಿಗೆ ಅನುಮಾನ ಬರುತ್ತದೆ. ಸದ್ಯಕ್ಕೆ ನಿಮ್ಮ ಫೋನಿನಿಂದ ಕರೆ ಮಾಡಿಸಿ. ಉಳಿದದ್ದನ್ನು ಹೆಲ್ಪ್‌ಲೈನಿನವರ ಜೊತೆ ಕೂತು ಪ್ಲಾನ್ ಮಾಡಲಿ.

ಒಂದು ಚೀಲ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿ. ಪಾಸ್‌ಪೋರ್ಟ್, ಮಕ್ಕಳ ಬರ್ತ್ ಸರ್ಟಿಫಿಕೇಟ್, ಮದುವೆ ಪತ್ರ, ವಲಸೆ ಇಲಾಖೆಯಿಂದ ಬಂದ ಎಲ್ಲ ಕಾಗದ, ಔಷಧಿ, ಸ್ವಲ್ಪ ನಗದು, ಎರಡು ಜೊತೆ ಬಟ್ಟೆ. ಪಾಸ್‌ಪೋರ್ಟನ್ನು ಗಂಡ ಬಚ್ಚಿಟ್ಟಿದ್ದರೆ ಕಾಗದಗಳ ಫೋಟೋ ಆದರೂ ಇರಲಿ. ಮೆಕ್ಸಿಕೋದವರಿಗೆ ಅಮೆರಿಕದಲ್ಲಿ ಸುಮಾರು 50 ಕಾನ್ಸುಲೇಟ್‌ಗಳಿವೆ, ಪಾಸ್‌ಪೋರ್ಟ್ ಮತ್ತೆ ಮಾಡಿಸಬಹುದು, ತಮ್ಮ ನಾಗರಿಕರಿಗೆ ನೆರವಾಗುವ ವಿಭಾಗವೂ ಅಲ್ಲಿರುತ್ತದೆ. ಆದರೆ ಆಕೆ ತನ್ನ ದೇಶಕ್ಕೇ ಹೆದರಿ ಆಶ್ರಯ ಕೇಳಿರುವವಳಾದರೆ ವಕೀಲರನ್ನು ಕೇಳದೆ ಕಾನ್ಸುಲೇಟ್ ಮೆಟ್ಟಿಲು ಹತ್ತುವುದು ಬೇಡ.

6. ಎಲ್ಲಿಗೆ ಕರೆ ಮಾಡುವುದು

ನ್ಯಾಷನಲ್ ಡೊಮೆಸ್ಟಿಕ್ ವಯಲೆನ್ಸ್ ಹಾಟ್‌ಲೈನ್: 1-800-799-7233. 1996ರಿಂದ ಇದೆ, ದಿನದ 24 ಗಂಟೆಯೂ ಸಿಗುತ್ತದೆ, ಸ್ಪ್ಯಾನಿಷ್ ಮಾತಾಡುವವರು ಇದ್ದಾರೆ, ಬೇರೆ ಭಾಷೆಗಳಿಗೆ ದುಭಾಷಿ ಕೊಡುತ್ತಾರೆ. ಹೆಸರು ಹೇಳಬೇಕಾಗಿಲ್ಲ. ನೀವೂ ಕರೆ ಮಾಡಿ "ನನ್ನ ಪಕ್ಕದ ಮನೆಯವರಿಗೆ ಹೀಗಾಗುತ್ತಿದೆ, ಏನು ಮಾಡಲಿ" ಅಂತ ಕೇಳಬಹುದು.

ಲ್ಯಾಟಿನಾ ಹೆಂಗಸರಿಗಾಗಿಯೇ ಇರುವ ಸಂಸ್ಥೆಗಳಲ್ಲಿ ಎಸ್ಪೆರಾನ್ಸಾ ಯುನೈಟೆಡ್ ಮುಖ್ಯವಾದದ್ದು. 1982ರಲ್ಲಿ ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ ಕಾಸಾ ದೆ ಎಸ್ಪೆರಾನ್ಸಾ ಅನ್ನುವ ಹೆಸರಲ್ಲಿ ಶೆಲ್ಟರ್ ಆಗಿ ಶುರುವಾಯಿತು, 2021ರಲ್ಲಿ ಹೆಸರು ಬದಲಾಯಿತು. ಈಗ ದೇಶದ ಬೇರೆ ಸಂಸ್ಥೆಗಳಿಗೂ ತರಬೇತಿ ಕೊಡುತ್ತದೆ. ನಮ್ಮ ಕಡೆಯವರಿಗೆ ನ್ಯೂಜೆರ್ಸಿಯ ಮಾನವಿ (1985), ಬೇ ಏರಿಯಾದ ಮೈತ್ರಿ (1991) ಇರುವ ಹಾಗೆ. ನೀವು ಅಂಥ ಕಡೆ ವಾಲಂಟಿಯರ್ ಆಗಿದ್ದರೆ ಊರಿನ ಲ್ಯಾಟಿನೋ ಸಂಸ್ಥೆಯವರ ಪರಿಚಯ ಮಾಡಿಕೊಂಡಿರಿ.

ಶೆಲ್ಟರ್‌ಗೆ ಆಕೆಯನ್ನು ಕಳಿಸುವ ಮುನ್ನ ನೀವು ಫೋನ್ ಮಾಡಿ ಕೇಳಿ: ಸ್ಪ್ಯಾನಿಷ್ ಬರುವ ಸಿಬ್ಬಂದಿ ರಾತ್ರಿಯೂ ಇರುತ್ತಾರಾ? ಹದಿನಾಲ್ಕು ವರ್ಷದ ಮಗನನ್ನು ಜೊತೆಗೆ ಇಟ್ಟುಕೊಳ್ಳಬಹುದಾ? ಅಡುಗೆ ತಾವೇ ಮಾಡಿಕೊಳ್ಳಬಹುದಾ? ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಎರಡು ವಾರ ಬರೀ ತಣ್ಣನೆ ಸ್ಯಾಂಡ್‌ವಿಚ್ ತಿಂದು ಮಕ್ಕಳು ಅಳತೊಡಗಿದರೆ ಆಕೆ ವಾಪಸ್ ಮನೆಗೆ ಹೋಗುತ್ತಾಳೆ, ನಾವಾದರೂ ಅಷ್ಟೇ.

7. ವೀಸಾ ಬೆದರಿಕೆಗೆ ಉತ್ತರ ಇದೆ

"ಬಾಯಿ ಬಿಟ್ಟರೆ ಮಿಗ್ರಾಗೆ ಫೋನ್ ಮಾಡುತ್ತೇನೆ" ಅನ್ನುವುದು ಅವನ ದೊಡ್ಡ ಆಯುಧ. ಮಿಗ್ರಾ ಅಂದರೆ ವಲಸೆ ಪೊಲೀಸರು. ಇದಕ್ಕೆ ಕಾನೂನಿನಲ್ಲಿ ದಾರಿಗಳಿವೆ, ಹೆಚ್ಚಿನವರಿಗೆ ಗೊತ್ತಿಲ್ಲ ಅಷ್ಟೇ.

ಗಂಡ ಅಮೆರಿಕದ ನಾಗರಿಕ ಅಥವಾ ಗ್ರೀನ್ ಕಾರ್ಡ್ ಇರುವವನಾದರೆ, 1994ರ ವಾವಾ (ಹೆಂಗಸರ ಮೇಲಿನ ಹಿಂಸೆಯ ವಿರುದ್ಧದ) ಕಾಯ್ದೆಯ ಕೆಳಗೆ ಗ್ರೀನ್ ಕಾರ್ಡಿನ ದಾರಿಗೆ ಆಕೆ ತಾನೇ ಅರ್ಜಿ ಹಾಕಬಹುದು. ಫಾರ್ಮ್ ಐ-360. ಗಂಡನ ಸಹಿ ಬೇಡ, ಅವನಿಗೆ ತಿಳಿಸುವುದೂ ಇಲ್ಲ, ಅರ್ಜಿಗೆ ಫೀಸ್ ಇಲ್ಲ. ಪೊಲೀಸ್ ರಿಪೋರ್ಟ್ ಇರಲೇಬೇಕು ಅಂತಲೂ ಇಲ್ಲ, ನಂಬಬಹುದಾದ ಯಾವುದೇ ಸಾಕ್ಷಿ ಪರಿಗಣಿಸುತ್ತಾರೆ. ಡೈವೋರ್ಸ್ ಆಗಿದ್ದರೆ ಎರಡು ವರ್ಷದೊಳಗೆ ಹಾಕಬೇಕು, ಮತ್ತು ಅರ್ಜಿ ಮಂಜೂರಾಗುವ ಮೊದಲೇ ಬೇರೆ ಮದುವೆಯಾದರೆ ಕೈತಪ್ಪುತ್ತದೆ.

ಗಂಡನಿಗೂ ಪೇಪರ್ ಇಲ್ಲದಿದ್ದರೆ, ಅಥವಾ ಮದುವೆಯೇ ಆಗಿಲ್ಲದಿದ್ದರೆ ಯು ವೀಸಾ ಇದೆ. 2000ದಲ್ಲಿ ಬಂದದ್ದು, ಅಪರಾಧಕ್ಕೆ ಬಲಿಯಾಗಿ ತನಿಖೆಗೆ ನೆರವಾದವರಿಗೆ. ಪೊಲೀಸರೋ ಪ್ರಾಸಿಕ್ಯೂಟರೋ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಸಹಿಯಾದ ಆರು ತಿಂಗಳೊಳಗೆ ಅರ್ಜಿ ಹೋಗಬೇಕು. ವರ್ಷಕ್ಕೆ ಕೊಡುವುದು 10,000 ಮಾತ್ರ, ಹಾಗಾಗಿ ಕಾಯುವುದು ವರ್ಷಗಟ್ಟಲೆ. "ಅರ್ಜಿ ಹಾಕು, ಎಲ್ಲ ಸರಿಯಾಗುತ್ತದೆ" ಅಂತ ಸುಮ್ನೆ ಆಸೆ ಹುಟ್ಟಿಸಬೇಡಿ.

ಈಗಿನ ಭಯ ಬರೀ ಕಲ್ಪನೆಯೂ ಅಲ್ಲ. ಶಾಲೆ, ಆಸ್ಪತ್ರೆ, ಚರ್ಚು, ಕೌಟುಂಬಿಕ ಹಿಂಸೆಯ ಶೆಲ್ಟರ್ ಥರದ ಜಾಗಗಳಲ್ಲಿ ವಲಸೆ ಕಾರ್ಯಾಚರಣೆ ಮಿತಿಯಲ್ಲಿರಬೇಕು ಅನ್ನುವ ಮಾರ್ಗಸೂಚಿಯನ್ನು ಸರ್ಕಾರ 2025ರ ಜನವರಿಯಲ್ಲಿ ವಾಪಸ್ ಪಡೆಯಿತು. ಹಾಗಾಗಿ ಕೋರ್ಟಿಗೆ ಹೋಗುವ ಮುನ್ನ ವಲಸೆ ವಕೀಲರ ಜೊತೆ ಒಂದು ಮಾತು ಆಗಲೇಬೇಕು. ಲೀಗಲ್ ಏಡ್ ಸಂಸ್ಥೆಗಳಲ್ಲಿ ದುಡ್ಡಿಲ್ಲದೆ ಸಿಗುತ್ತಾರೆ.

ಬೀದಿ ಬದಿಯ "ನೊತಾರಿಯೋ" ಬೋರ್ಡಿನ ಅಂಗಡಿಗೆ ಮಾತ್ರ ಹೋಗಲು ಬಿಡಬೇಡಿ. ಲ್ಯಾಟಿನ್ ಅಮೆರಿಕದ ಎಷ್ಟೋ ದೇಶಗಳಲ್ಲಿ ನೊತಾರಿಯೋ ಅಂದರೆ ದೊಡ್ಡ ವಕೀಲ, ಅಮೆರಿಕದಲ್ಲಿ ನೋಟರಿ ಅಂದರೆ ಸಹಿಗೆ ಸೀಲ್ ಒತ್ತುವವನು. ಈ ಗೊಂದಲದ ಮೇಲೆಯೇ ಬದುಕುವವರು ಸಾವಿರಾರು ಡಾಲರ್ ಕಿತ್ತುಕೊಂಡು ತಪ್ಪು ಫಾರ್ಮ್ ತುಂಬಿ ಕೇಸನ್ನೇ ಕೆಡಿಸುತ್ತಾರೆ. ವಕೀಲ, ಇಲ್ಲವೇ ನ್ಯಾಯ ಇಲಾಖೆಯ ಮಾನ್ಯತೆ ಇರುವ ಪ್ರತಿನಿಧಿ, ಇವರಿಬ್ಬರು ಬಿಟ್ಟು ಇನ್ಯಾರೂ ಬೇಡ.

ನಮ್ಮವರಿಗೂ ಒಂದು ಮಾತು: ಎಚ್-4 ವೀಸಾದಲ್ಲಿರುವ ಹೆಂಡತಿ ಎಚ್-1ಬಿ ಗಂಡನಿಂದ ಹಿಂಸೆ ಅನುಭವಿಸಿದ್ದರೆ ಐ-765ವಿ ಫಾರ್ಮಿನಲ್ಲಿ ಕೆಲಸದ ಪರವಾನಗಿ ಕೇಳಬಹುದು. ಯು ವೀಸಾ ಕೂಡ ಯಾವ ದೇಶದವರಿಗಾದರೂ ಸಿಗುತ್ತದೆ.

8. ನೀವು ಕಂಡದ್ದನ್ನು ಬರೆದಿಡಿ

ಇದನ್ನು ಯಾರೂ ಮಾಡುವುದಿಲ್ಲ, ಆದರೆ ತುಂಬಾ ಉಪಯೋಗಕ್ಕೆ ಬರುತ್ತದೆ. ಯಾವ ತಾರೀಖು ಕೂಗಾಟ ಕೇಳಿಸಿತು, ಆಕೆಯ ತೋಳಿನ ಮೇಲೆ ಏನು ಕಂಡಿರಿ, ಆಕೆ ಏನು ಹೇಳಿದಳು. ಕಂಡದ್ದು, ಕೇಳಿದ್ದು ಮಾತ್ರ ಬರೆಯಿರಿ, ನಿಮ್ಮ ಅನಿಸಿಕೆ ಬೇಡ. ಮುಂದೆ ವಾವಾ ಅರ್ಜಿಗೆ ವಕೀಲರು ಕೇಳಿದರೆ ಅದೇ ಅಫಿಡವಿಟ್ ಆಗುತ್ತದೆ. "ನಾನೂ ವೀಸಾದಲ್ಲಿ ಇದ್ದೇನೆ, ಸಹಿ ಹಾಕಿದರೆ ನನಗೇನಾದರೂ ಆಗುತ್ತಾ" ಅನ್ನುವ ಅಳುಕಿದ್ದರೆ ಅದನ್ನೂ ಅದೇ ವಕೀಲರನ್ನೇ ಕೇಳಿಬಿಡಿ.

9. ಆಕೆ ನಿಮ್ಮ ಮನೆ ಕೆಲಸದವಳಾದರೆ

ನಿಮ್ಮ ಜವಾಬ್ದಾರಿ ಬೇರೆ. ನೀವು ಸಂಬಳ ಕೊಡುವವರು, ಹಾಗಾಗಿ ನೀವು ಹೇಳಿದ್ದಕ್ಕೆಲ್ಲ ಆಕೆ ಹೂಂ ಅನ್ನಬಹುದು. ಸಲಹೆ ಕಡಿಮೆ ಮಾಡಿ. ಸಂಬಳವನ್ನು ಆಕೆಯ ಕೈಗೇ ಕೊಡಿ, ಗಂಡನ ಝೆಲ್ ಅಕೌಂಟಿಗೆ ಹಾಕಬೇಡಿ. ಕೋರ್ಟಿಗೆ, ವಕೀಲರ ಹತ್ತಿರ ಹೋಗುವ ದಿನ ರಜೆ ಕೊಟ್ಟು ಸಂಬಳ ಹಿಡಿಯಬೇಡಿ. ಗಂಡ ಫೋನ್ ಮಾಡಿ "ಬಂದಿದ್ದಾಳಾ" ಅಂದರೆ ಏನು ಹೇಳಬೇಕು ಅಂತ ಆಕೆಯನ್ನೇ ಮೊದಲೇ ಕೇಳಿಟ್ಟುಕೊಳ್ಳಿ. ಮನೆಯವರಿಗೆಲ್ಲ ಅದೇ ಉತ್ತರ ಗೊತ್ತಿರಲಿ, ಊರಿಂದ ಬಂದ ಅತ್ತೆ ಮಾವನಿಗೂ.

10. ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುತ್ತೇನೆ ಅಂದರೆ

ಇದು ಎಲ್ಲರಿಗೂ ಬರುವ ಮೊದಲ ಯೋಚನೆ. ಟಿಕೆಟ್ ತೆಗೆದುಕೊಡುವ ಮುನ್ನ ನಿಲ್ಲಿ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯುವುದರ ಬಗ್ಗೆ ಇರುವ ಹೇಗ್ ಒಪ್ಪಂದದಲ್ಲಿ ಮೆಕ್ಸಿಕೋ ಇದೆ. ಗಂಡ ಅರ್ಜಿ ಹಾಕಿದರೆ ಅಲ್ಲಿನ ಕೋರ್ಟು ಮಕ್ಕಳನ್ನು ವಾಪಸ್ ಕಳಿಸಲು ಹೇಳಬಹುದು, ಆಗ ಹಿಂಸೆ ಅನುಭವಿಸಿದವಳೇ ಅಪಹರಣ ಮಾಡಿದವಳು ಅನ್ನಿಸಿಕೊಳ್ಳುತ್ತಾಳೆ. ಇಂಡಿಯಾ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಹಾಗಾಗಿ ನಮ್ಮವರ ಅನುಭವ ನೋಡಿ ಇವರಿಗೆ ಸಲಹೆ ಕೊಡಬೇಡಿ. ಪೇಪರ್ ಇಲ್ಲದೆ ಒಮ್ಮೆ ದೇಶ ಬಿಟ್ಟರೆ ವಾಪಸ್ ಬರುವುದು ಕೂಡ ಸುಲಭವಲ್ಲ. ಮೊದಲು ಇಲ್ಲಿನ ಫ್ಯಾಮಿಲಿ ಕೋರ್ಟಿನಲ್ಲಿ ಮಕ್ಕಳ ಕಸ್ಟಡಿ ಕೇಳಲಿ.

ಅವನೇ ಮಕ್ಕಳನ್ನು ಎತ್ತಿಕೊಂಡು ಹೋಗುವ ಭಯ ಇದ್ದರೆ, ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ಮಕ್ಕಳ ಹೆಸರು ದಾಖಲಿಸಿಡಬಹುದು, ಯಾರಾದರೂ ಅವರ ಹೆಸರಲ್ಲಿ ಅಮೆರಿಕದ ಪಾಸ್‌ಪೋರ್ಟ್ ಕೇಳಿದರೆ ಅಮ್ಮನಿಗೆ ತಿಳಿಸುತ್ತಾರೆ. ಆದರೆ ಮಕ್ಕಳಿಗೆ ತಂದೆಯ ದೇಶದ ಪಾಸ್‌ಪೋರ್ಟೂ ಸಿಗಬಹುದು, ಅದು ಈ ಪಟ್ಟಿಗೆ ಬರುವುದಿಲ್ಲ. ಅದಕ್ಕೆ ಆ ದೇಶದ ಕಾನ್ಸುಲೇಟಿಗೆ ಬೇರೆಯೇ ಪತ್ರ ಹೋಗಬೇಕು, ಜೊತೆಗೆ ಕೋರ್ಟಿನ ಆದೇಶದ ಪ್ರತಿ ಇರಬೇಕು. ಮಕ್ಕಳ ಶಾಲೆಯ ಆಫೀಸಿಗೂ ಒಂದು ಪ್ರತಿ ಕೊಟ್ಟಿರಲಿ, ಮಕ್ಕಳನ್ನು ಕರೆದೊಯ್ಯಬಹುದಾದವರ ಪಟ್ಟಿಯನ್ನು ಅದೇ ದಿನ ಬದಲಾಯಿಸಲಿ.